ವಿಜಯಪುರದಿಂದ ಶ್ರೀ ವಿಜಯಪುರಂಗೆ: ಈಜು ಬಾರದ ಮೂವರು ಅಂಡಮಾನಿಗೆ ಹೋಗಿ ಏನು ಮಾಡಬೇಕು?

ಗುಮ್ಮಟದ ನೆರಳು, ವಿಜಯಪುರ · ಜನವರಿ 10

ಎಲ್ಲರಿಗೂ ನಮಸ್ಕಾರ. ನನ್ನದು ಬ್ಯಾಂಕಿನ ಕೆಲಸ. ಎಲ್‌ಟಿಸಿ (ರಜೆಯ ಪ್ರವಾಸಕ್ಕೆ ಬ್ಯಾಂಕು ಕೊಡುವ ಭತ್ಯೆ) ಅವಧಿ ಮುಗಿಯುತ್ತ ಬಂದಿದೆ, ಎಲ್ಲಿಗಾದರೂ ಹೋಗಲೇಬೇಕು. ಹೊರಡುವವರು ಮೂರು ಜನ: ನಾನು, ಆರನೆಯ ತರಗತಿಯ ಮಗ, 64 ವರ್ಷದ ಅವ್ವ. ಮಗ ಸಮುದ್ರ ಬೇಕು ಎಂದ. ಅವ್ವ ಕರಿನೀರಿನ ಜೈಲು (ಸೆಲ್ಯುಲರ್ ಜೈಲು) ನೋಡಬೇಕು ಎಂದಳು. ಎರಡೂ ಒಂದೇ ಕಡೆ ಸಿಗುತ್ತವೆ ಎಂದು ಅಂಡಮಾನ್ ಗಟ್ಟಿಯಾಯಿತು. ನಮ್ಮೂರಿನ ಹೆಸರೇ ಇರುವ ಊರಿಗೆ ಹೊರಟಿದ್ದೇವೆ ಎಂಬುದು ಆಮೇಲೆ ಹೊಳೆಯಿತು. ಬಿಜಾಪುರ 2014ರಲ್ಲಿ ವಿಜಯಪುರವಾಯಿತು, ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಹತ್ತು ವರ್ಷ ನಾವೇ ಹಿರಿಯರು!

ಏಜೆಂಟರು ಐದು ರಾತ್ರಿಯ ಯೋಜನೆ ಕಳಿಸಿದ್ದಾರೆ. ಅದರ ತುಂಬ ಬರೀ 'ಪಾಯಿಂಟ್'. ಸೂರ್ಯಾಸ್ತದ ಪಾಯಿಂಟ್, ಫೋಟೊ ಪಾಯಿಂಟ್, ಹಳೆಯ 20 ರೂಪಾಯಿ ನೋಟಿನ ಹಿಂಬದಿಯ ಚಿತ್ರ ಕಾಣುವ ಪಾಯಿಂಟ್. ಓದಿದರೆ ಜನರೇ ಇಲ್ಲದ ಊರಿಗೆ ಕಳಿಸುತ್ತಿದ್ದಾರೇನೋ ಅನ್ನಿಸುತ್ತದೆ. ನನಗೆ ಬೇಕಿರುವುದು ಬೇರೆ. ಅಲ್ಲಿಯವರು ಏನು ಉಣ್ಣುತ್ತಾರೆ, ಯಾವ ಹಬ್ಬ ಮಾಡುತ್ತಾರೆ, ಯಾರ ಜೊತೆ ಕುಳಿತು ಎರಡು ಮಾತಾಡಬಹುದು? ಮೂವರಿಗೂ ಈಜು ಬಾರದು. ಮೂವರೂ ಶಾಕಾಹಾರಿಗಳು. ಶಿವರಾತ್ರಿಯ ಆಸುಪಾಸಿನಲ್ಲಿ ರಜೆ ಸಿಗುತ್ತದೆ. ಹೋಗಿ ಬಂದವರು ಹೇಳಿ.

ಬಾದಾಮಿ ಬಂಡೆ, ಬಾದಾಮಿ · ಜನವರಿ 10

ಅಕ್ಕ, ಈಜು ಬಾರದು ಎಂದು ಹೆದರಬೇಡಿ. ನಾನು ಇಲ್ಲಿ ಬಂಡೆ ಹತ್ತುವವರಿಗೆ ಹಗ್ಗ ಹಿಡಿಯುವ ಕೆಲಸ ಮಾಡುತ್ತೇನೆ. ಚಳಿಗಾಲದಲ್ಲಿ ನಮ್ಮ ಕೆಂಪು ಮರಳುಗಲ್ಲಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹಾಗೆ ಬಂದ ಒಬ್ಬರ ಮಾತು ಕೇಳಿ ಹ್ಯಾವ್‌ಲಾಕ್‌ಗೆ (ಈಗಿನ ಸ್ವರಾಜ್ ದ್ವೀಪ) ಹೋಗಿ ನಾಲ್ಕು ದಿನದ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಮುಳುಗುವ) ತರಬೇತಿ ಮುಗಿಸಿಕೊಂಡು ಬಂದೆ. ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಈಸುಗುಂಬಳಕಾಯಿ ಕಟ್ಟಿಕೊಂಡು. ಬಾವಿಯಲ್ಲಿ ಉಸಿರು ಬಿಗಿಹಿಡಿದವನೇ ಶೂರ. ಸಮುದ್ರದ ಅಡಿ ಅದೇ ಶೌರ್ಯ ತೋರಿಸಿದರೆ ಶ್ವಾಸಕೋಶಕ್ಕೆ ಅಪಾಯ. ಸಿಲಿಂಡರಿನ ಗಾಳಿ ಎಳೆಯುತ್ತಿರುವಾಗ ಉಸಿರನ್ನು ಎಂದೂ ತಡೆಹಿಡಿಯಬಾರದು ಎಂಬುದೇ ಮೊದಲ ಪಾಠ. ನನ್ನ ಹಳೆಯ ಚಟ ಬಿಡಲು ಒಂದು ಪೂರ್ತಿ ದಿನ ಹಿಡಿಯಿತು.

ಮೊದಲ ಸಲ ಇಳಿಯುವವರಿಗೆ ಬೇರೆಯೇ ವ್ಯವಸ್ಥೆ ಇದೆ. ತರಬೇತುದಾರ ಪಕ್ಕದಲ್ಲೇ ಹಿಡಿದುಕೊಂಡು ಹೋಗುತ್ತಾನೆ, 12 ಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ, ಈಜು ಬರಬೇಕೆಂದೇನೂ ಇಲ್ಲ. ಹತ್ತು ವರ್ಷ ತುಂಬಿದ ಮಕ್ಕಳನ್ನು ಒಯ್ಯುತ್ತಾರೆ. ಇಳಿಯುತ್ತ ಇಳಿಯುತ್ತ ಕಿವಿ ಒತ್ತಿದಂತಾಗುತ್ತದೆ, ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿದರೆ ಬಿಡುತ್ತದೆ. ನೋವಾದರೆ ಸಂಕೋಚಪಡದೆ ಮೇಲೆ ಬರಬೇಕು. ಮೊದಲು ಒಂದು ಆರೋಗ್ಯದ ಅರ್ಜಿ ತುಂಬಿಸುತ್ತಾರೆ. ಉಬ್ಬಸ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಇದ್ದರೆ ಮುಚ್ಚಿಡಬೇಡಿ. ಇನ್ನೊಂದು ಮಾತು, ಇದನ್ನು ಏಜೆಂಟರು ಹೇಳುವುದಿಲ್ಲ: ಮುಳುಗಿ ಎದ್ದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬೇಡಿ. ನೀರಿನ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಹೋಗಲು ಅಷ್ಟು ಸಮಯ ಬೇಕು. ಹಾಗಾಗಿ ಸ್ಕೂಬಾ ಪ್ರವಾಸದ ಮೊದಲರ್ಧದಲ್ಲೇ ಇರಲಿ.

ಶಿವರಾತ್ರಿಗೆ ಹೋಗುವುದಾದರೆ ನಿಮ್ಮ ಅದೃಷ್ಟ. ಮರುದಿನವೋ ಅದರಾಚೆಯೋ ಅಮಾವಾಸ್ಯೆ. ಹ್ಯಾವ್‌ಲಾಕ್‌ನಲ್ಲಿ ಕತ್ತಲ ರಾತ್ರಿ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿನ ಹಿನ್ನೀರಿನಲ್ಲಿ ಸಣ್ಣ ದೋಣಿ ಹುಟ್ಟು ಹಾಕಿಸುತ್ತಾರೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಅಲುಗಿದರೆ ಮಿಣುಗುತ್ತವೆ. ಬೆಳದಿಂಗಳಿದ್ದರೆ ಏನೂ ಕಾಣದು.

ಮಾಜಿ ಸುಬೇದಾರ, ಬೆಳಗಾವಿ · ಜನವರಿ 11

ತಂಗಿ, ಎರಡೂವರೆ ವರ್ಷ ದಕ್ಷಿಣ ಅಂಡಮಾನಿನಲ್ಲಿದ್ದೆ. ಮೊದಲು ಗಡಿಯಾರದ ಲೆಕ್ಕ. ವಿಜಯಪುರ ಸುಮಾರು 75.7 ಡಿಗ್ರಿ ರೇಖಾಂಶದಲ್ಲಿದೆ, ಪೋರ್ಟ್ ಬ್ಲೇರ್ 92.7ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 17 ಡಿಗ್ರಿಗೆ 68 ನಿಮಿಷ. ಸೂರ್ಯ ಅಷ್ಟು ಮೊದಲೇ ಬಂದು ಅಷ್ಟು ಮೊದಲೇ ಹೋಗುತ್ತಾನೆ, ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಫೆಬ್ರುವರಿಯಲ್ಲಿ ಸಂಜೆ ಐದೂವರೆಗೆ ಹೊತ್ತು ಮುಳುಗುತ್ತದೆ. ಒಂಬತ್ತಕ್ಕೆ ನಾಷ್ಟಾ ಮುಗಿಸಿ ಹೊರಡುವವರು ಅರ್ಧ ದಿನ ಕಳೆದುಕೊಂಡಂತೆಯೇ. ಐದಕ್ಕೆ ಏಳಿ.

ಎರಡನೆಯದು, ಐದು ರಾತ್ರಿ ಸಾಲದು. ಏಳು ಮಾಡಿ, ಜಾಗ ಕಡಿಮೆ ಮಾಡಿ. ದ್ವೀಪದಿಂದ ದ್ವೀಪಕ್ಕೆ ಹಡಗು. ಸಮುದ್ರ ಕೆರಳಿದರೆ ಹಡಗು ರದ್ದು. ಹಡಗಿನಿಂದ ಇಳಿದ ದಿನವೇ ವಿಮಾನದ ಟಿಕೆಟ್ ಇಟ್ಟುಕೊಂಡು ಅಳುವವರನ್ನು ಬಂದರಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಮಧ್ಯೆ ಒಂದು ರಾತ್ರಿ ಇರಲಿ.

ಮೂರನೆಯದು, ಜನ. ಅಂಡಮಾನಿನ ಮೂಲ ಭಾಷೆ ಯಾವುದು ಎಂದು ನಮ್ಮ ತುಕಡಿಯ ಹುಡುಗರು ಕೇಳುತ್ತಿದ್ದರು. ಪೇಟೆಯಲ್ಲಿ ನಿಂತರೆ ಬಂಗಾಳಿ, ತಮಿಳು, ತೆಲುಗು, ಮಲಯಾಳ, ಛೋಟಾನಾಗಪುರದ ಕಡೆಯಿಂದ ಕೂಲಿಗೆ ಬಂದು ನೆಲೆಸಿದವರ ಸಾದ್ರಿ, ಎಲ್ಲವೂ ಕಿವಿಗೆ ಬೀಳುತ್ತವೆ. ಎಲ್ಲರನ್ನೂ ಕಟ್ಟಿಹಾಕುವುದು ಒಂದು ಬಗೆಯ ಬಜಾರು ಹಿಂದಿ. ಕೈದಿಗಳಾಗಿ ಬಂದವರ ಮಕ್ಕಳು ಮೊಮ್ಮಕ್ಕಳಿಗೆ 'ಲೋಕಲ್ ಬಾರ್ನ್' ಎಂದೇ ಹೆಸರು. ಅವರಲ್ಲಿ ಹಿಂದೂ ಮುಸ್ಲಿಂ ಮದುವೆಗಳು ಹಳೆಯ ಮಾತು, ಜಾತಿ ಕೇಳುವ ಅಭ್ಯಾಸ ಸಡಿಲ. ಉತ್ತರದ ಮಾಯಾಬಂದರಿನ ಕಡೆ ಕರೆನ್ ಜನ ಇದ್ದಾರೆ. 1925ರಲ್ಲಿ ಬ್ರಿಟಿಷರು ಕಾಡು ಕಡಿಯುವ ಕೆಲಸಕ್ಕೆ ಬರ್ಮಾದಿಂದ ಕರೆತಂದವರು. ವೆಬಿ ಎಂಬ ಅವರ ಊರಿನಲ್ಲಿ ಒಮ್ಮೆ ಊಟ ಮಾಡಿದ್ದೆ. ಮನೆಯ ಯಜಮಾನ ದೋಣಿ ಕೆತ್ತುತ್ತ ಕುಳಿತಿದ್ದ, ಒಂದೇ ಮರದ ದಿಮ್ಮಿ, ಬಾಚಿಯ ಏಟು ಗಡಿಯಾರದಂತೆ. ಆ ದೋಣಿಯನ್ನು ನೋಡುತ್ತ ಊಟವೇ ತಣ್ಣಗಾಯಿತು. ಅಲ್ಲಿಗೆ ನಿಮಗೆ ಸಮಯ ಸಾಲದು, ಹೇಳಿದೆನಷ್ಟೆ.

ಹ್ಯಾವ್‌ಲಾಕ್, ನೀಲ್ (ಈಗ ಶಹೀದ್ ದ್ವೀಪ) ಎರಡರಲ್ಲೂ ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳೇ ಹೆಚ್ಚು. ಊರ ಹೆಸರು ನೋಡಿ: ಗೋವಿಂದನಗರ, ಶ್ಯಾಮನಗರ, ರಾಧಾನಗರ. ನೀಲ್‌ಗೆ ಹೋದರೆ ರಾಮಾಯಣ: ಸೀತಾಪುರ, ಭರತಪುರ, ಲಕ್ಷ್ಮಣಪುರ. ಕಾಡು ಕಡಿದು ಗದ್ದೆ ಮಾಡಿಕೊಂಡವರು. ಅವರ ಮನೆಗಳಲ್ಲೇ ಈಗ ಬಾಡಿಗೆ ಕೋಣೆಗಳಿವೆ. ಹೋಟೆಲ್ ಬಿಡಿ, ಅಂಥ ಮನೆ ಹುಡುಕಿ.

ಇಳಕಲ್ ಸೆರಗು, ಇಳಕಲ್ · ಜನವರಿ 11

ನಿಮ್ಮ ಏಜೆಂಟರ ಪಟ್ಟಿಯಲ್ಲಿ ಬಾರಾಟಾಂಗ್ ದ್ವೀಪ ಇದೆಯೇ? ಇದ್ದರೆ ಒಂದು ಮಾತು.

ಸುಣ್ಣದಕಲ್ಲಿನ ಗುಹೆ, ಕೆಸರು ಉಕ್ಕುವ ಕುಳಿ ನೋಡಲು ನಾವೂ ಹೋಗಿದ್ದೆವು. ರಾತ್ರಿ ಮೂರಕ್ಕೆ ಎಬ್ಬಿಸಿದರು. ಜಿರ್ಕಾಟಾಂಗ್ ಗೇಟಿನಲ್ಲಿ ವಾಹನಗಳ ಸಾಲು ನಿಲ್ಲಿಸಿ ಪೊಲೀಸರ ಕಾವಲಿನಲ್ಲಿ ಒಟ್ಟಿಗೆ ಬಿಡುತ್ತಾರೆ. ಅಲ್ಲಿಂದ ರಸ್ತೆ ಹೋಗುವುದು ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ನಡುವೆ. ವಾಹನ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಏನನ್ನೂ ಕೊಡುವಂತಿಲ್ಲ. ನಮ್ಮ ಚಾಲಕ ಮಾತ್ರ ಹಿಂದಿನ ದಿನವೇ ಹೇಳಿದ್ದ, 'ನಸೀಬಿದ್ದರೆ ಕಾಣಿಸುತ್ತಾರೆ.' ಹುಲಿ ಸಫಾರಿಗೆ ಹೇಳುವ ಮಾತದು. ತಿರುವೊಂದರಲ್ಲಿ ಇಬ್ಬರು ಮಕ್ಕಳು, ಒಬ್ಬ ಹೆಂಗಸು ನಿಂತಿದ್ದರು. ಇಡೀ ವಾಹನ ಒಂದೇ ಕಿಟಕಿಗೆ ಬಂತು. ನಾನೂ ಬಂದೆ. ಆ ಹೆಂಗಸು ನಮ್ಮನ್ನು ನೋಡಿದ ನೋಟ ಮಾತ್ರ ಈಗಲೂ ನೆನಪಿದೆ. ಗುಹೆ ಹೇಗಿತ್ತೋ ಮರೆತಿದ್ದೇನೆ.

ಅವರು ಕೆಲವೇ ನೂರು ಜನ. 1990ರ ದಶಕದ ಕೊನೆಯವರೆಗೂ ಹೊರಗಿನವರನ್ನು ಹತ್ತಿರ ಬಿಟ್ಟುಕೊಂಡವರಲ್ಲ. ಸಂಪರ್ಕ ಶುರುವಾದ ಮೇಲೆ 1999ರಲ್ಲಿ, ಮತ್ತೆ 2006ರಲ್ಲಿ ದಡಾರ ಹಬ್ಬಿತು. 2012ರಲ್ಲಿ ತಿನಿಸಿನ ಆಸೆ ತೋರಿಸಿ ಅವರ ಹೆಂಗಸರನ್ನು ಕುಣಿಸಿದ ವಿಡಿಯೊ ಹೊರಬಂದು ದೇಶವೇ ತಲೆತಗ್ಗಿಸಿತ್ತು. ಸ್ಥಳೀಯ ಸಂಸ್ಕೃತಿ ನೋಡಬೇಕು ಎಂದಿರಿ, ಅದಕ್ಕೇ ಇಷ್ಟು ಬರೆದೆ.

ನೇರ ಮಾತು, ಜಮಖಂಡಿ · ಜನವರಿ 12

ಅಷ್ಟು ಖರ್ಚು ಮಾಡಿಕೊಂಡು ಹೋಗಿ, ಕಣ್ಣು ಮುಚ್ಚಿಕೊಂಡು ಬರಬೇಕೇ? ಸರ್ಕಾರವೇ ರಸ್ತೆ ಮಾಡಿದೆ, ಸರ್ಕಾರವೇ ಕಾವಲು ಕೊಟ್ಟು ಕಳಿಸುತ್ತದೆ. ಗುಹೆ ನೋಡುವುದು ತಪ್ಪೇ? ಹಂಪಿಗೆ ಬಂದ ವಿದೇಶಿಗರು ನಮ್ಮ ಹಳ್ಳಿಯ ಮುದುಕಿಯರ ಫೋಟೊ ತೆಗೆಯುವುದಿಲ್ಲವೇ?

ಇಳಕಲ್ ಸೆರಗು · ಜನವರಿ 12

ನಮ್ಮ ಮುದುಕಿ ಬೇಡವೆಂದರೆ ಕೋಲು ತೋರಿಸಿ ಬೈಯುತ್ತಾಳೆ, ಬೇಕೆಂದರೆ ಹತ್ತು ರೂಪಾಯಿ ಕೇಳುತ್ತಾಳೆ. ಅವಳ ಬೈಗುಳ ಪ್ರವಾಸಿಗನಿಗೆ ಅರ್ಥವಾಗುತ್ತದೆ. ಆ ಕಾಡಿನ ಹೆಂಗಸು ಬೈದರೂ ನಮಗೆ ತಿಳಿಯದು, ನಮ್ಮ ಕೆಮ್ಮಿನಿಂದ ಅವಳ ಮಗುವಿಗೆ ಏನಾಯಿತೋ ಅದೂ ತಿಳಿಯದು. ತುಲನೆ ಮಾಡುವಾಗ ಸ್ವಲ್ಪ ನೋಡಿ ಮಾಡಿ, ಸರ್.

ಮಾಜಿ ಸುಬೇದಾರ · ಜನವರಿ 12

ಇಬ್ಬರದೂ ಪೂರ್ತಿ ಸರಿಯಲ್ಲ. ಆ ರಸ್ತೆ ಪ್ರವಾಸಿಗರದ್ದಷ್ಟೇ ಅಲ್ಲ. ಮಧ್ಯ ಮತ್ತು ಉತ್ತರ ಅಂಡಮಾನಿನ ಸಾವಿರಾರು ಜನ ಆಸ್ಪತ್ರೆಗೆ, ಕಚೇರಿಗೆ ಬರುವುದು ಅದೇ ದಾರಿಯಲ್ಲಿ. ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು, ಇಂದಿಗೂ ಓಡುತ್ತಿದೆ. ಬಾಣಂತಿಯನ್ನು ಕರೆದೊಯ್ಯುವ ಬಸ್ಸಿಗೂ ಗುಹೆ ನೋಡಲು ಹೋಗುವ ಕಾರಿಗೂ ವ್ಯತ್ಯಾಸವಿದೆ ಎಂಬಷ್ಟು ನಾನು ಹೇಳುತ್ತೇನೆ. ಗುಹೆಗಾಗಿ ಹೋಗಬೇಕೆಂದರೆ ನಮ್ಮ ಐಹೊಳೆ, ಬಾದಾಮಿ ಏನು ಕಡಿಮೆ? ತಂಗಿ, ಆ ದಿನವನ್ನು ನೀಲ್‌ಗೆ ಹಾಕಿ.

ಗೊಬ್ಬರದ ಅಂಗಡಿ, ಮುಧೋಳ · ಜನವರಿ 13

ಮಾತು ಅಂಡಮಾನಿನದು, ನಾನು ಬಾಲಿಗೆ ಹೋದವನು. ಕ್ಷಮಿಸಿ, ಆದರೂ ಹೇಳುತ್ತೇನೆ. ವರ್ಷದ ಮಾರಾಟದ ಗುರಿ ಮುಟ್ಟಿದ ಅಂಗಡಿಯವರನ್ನು ಕಂಪನಿಯೊಂದು ಕರೆದುಕೊಂಡು ಹೋಗಿತ್ತು. ನಲವತ್ತು ಜನ, ಒಂದೇ ಬಣ್ಣದ ಟೋಪಿ. ಮೂರು ದಿನ ಬಸ್ಸಿನಿಂದ ಇಳಿ, ಫೋಟೊ, ಬಸ್ಸಿಗೆ ಹತ್ತು. ನಾಲ್ಕನೆಯ ದಿನ ಜತಿಲುವಿಹ್ ಎಂಬ ಕಡೆ ಗುಡ್ಡದ ಮೆಟ್ಟಿಲು ಗದ್ದೆ ತೋರಿಸಲು ನಿಲ್ಲಿಸಿದರು. ಎಲ್ಲರೂ ಕಾಫಿಗೆ ಹೋದರು, ನಾನು ಕಾಲುವೆಯ ದಂಡೆ ಹಿಡಿದು ಕೆಳಗಿಳಿದೆ.

ಕಾಲುವೆ ಎರಡಾಗಿ ಒಡೆಯುವ ಜಾಗದಲ್ಲಿ ಅಡ್ಡಲಾಗಿ ಒಂದು ಮರದ ದಿಮ್ಮಿ. ಅದರಲ್ಲಿ ಎರಡು ಕಚ್ಚು, ಒಂದು ಅಗಲ, ಒಂದು ಕಿರಿದು. ಹೊಲದ ಅಳತೆಗೆ ತಕ್ಕ ಅಗಲ. ಗೇಟಿಲ್ಲ, ಬೀಗವಿಲ್ಲ, ಕಾವಲಿನವನಿಲ್ಲ. ನೀರು ಹೆಚ್ಚಲಿ ಕಡಿಮೆಯಾಗಲಿ ಪಾಲು ಮಾತ್ರ ಅದೇ. ಕುಕ್ಕರಗಾಲಿನಲ್ಲಿ ಕುಳಿತು ನೋಡಿದ್ದೇ ನೋಡಿದ್ದು. ನಮ್ಮ ಹೊಲ ಕಾಲುವೆಯ ಕೊನೆಯಂಚಿನಲ್ಲಿದೆ. ಮೇಲಿನವರು ಕಬ್ಬಿಗೆ ಹರಿಸಿಕೊಂಡು ಉಳಿದರೆ ನಮಗೆ. ಅರ್ಜಿ ಕೊಟ್ಟು ಕೊಟ್ಟು ಪೆನ್ನು ಸವೆದಿದೆ. ಅಲ್ಲಿನ ಪದ್ಧತಿಗೆ ಸುಬಾಕ್ ಎನ್ನುತ್ತಾರೆ. ಒಂದು ನೀರಿನ ಮೂಲಕ್ಕೆ ಸೇರಿದ ರೈತರೆಲ್ಲ ಒಂದು ಸಂಘ, ಸಂಘಕ್ಕೆ ಒಂದು ಗುಡಿ. ಯಾರು ಯಾವಾಗ ನಾಟಿ ಮಾಡಬೇಕೆಂದು ಕೂಡಿ ಕುಳಿತು ತೀರ್ಮಾನಿಸುತ್ತಾರೆ. ಸಾವಿರ ವರ್ಷಕ್ಕೂ ಹಳೆಯದು, 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಗದ್ದೆಯ ಮೂಲೆಯಲ್ಲಿ ಬಿದಿರಿನ ಪುಟ್ಟ ಗುಡಿ, ಅದರ ಮುಂದೆ ಗರಿಯ ದೊನ್ನೆಯಲ್ಲಿ ಹೂ, ಒಂದಿಷ್ಟು ಅನ್ನ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚೆಲ್ಲುವ ಚರಗ ನೆನಪಾಗಿ ತಾನಾಗಿಯೇ ಚಪ್ಪಲಿ ಬಿಟ್ಟೆ. ಅಲ್ಲಿದ್ದ ಮುದುಕ ನಕ್ಕ. ಭಾಷೆ ಇಲ್ಲ. ನಾನು ಕಚ್ಚು ತೋರಿಸಿ ಕೈಮುಗಿದೆ, ಅವನು ನನ್ನ ಟೋಪಿ ತೋರಿಸಿ ಕೇಳಿದ, ಕೊಟ್ಟೆ. ಬಸ್ಸಿನವರು ಇಪ್ಪತ್ತು ನಿಮಿಷ ಕಾದು ಬೈದರು.

ಇನ್ನೊಂದು. ಅವರಿಗೂ ಶಕ ವರ್ಷವೇ, ನಮ್ಮ ಶಾಲಿವಾಹನ ಶಕದಂತೆ ಕ್ರಿ.ಶ. 78ರಿಂದ ಎಣಿಕೆ. ಹೊಸ ವರ್ಷದ ದಿನ ನ್ಯೆಪಿ: ಬೆಂಕಿ ಹೊತ್ತಿಸುವಂತಿಲ್ಲ, ದೀಪವಿಲ್ಲ, ಬೀದಿಗೆ ಇಳಿಯುವಂತಿಲ್ಲ, ವಿಮಾನ ನಿಲ್ದಾಣವೇ ಬಂದ್. ಯುಗಾದಿಯ ಸುತ್ತಮುತ್ತ ಬಾಲಿಗೆ ಹೋಗುವವರು ಆ ದಿನಾಂಕ ಯಾವುದೆಂದು ನೋಡಿಕೊಂಡೇ ಟಿಕೆಟ್ ಮಾಡಿ.

ಕುಂದಾನಗರಿ, ಬೆಳಗಾವಿ · ಜನವರಿ 13

ಬರೀ ನೀರಿನಡಿಯ ಹವಳ ನೋಡಬೇಕೆಂದಿದ್ದರೆ ಅಷ್ಟು ದೂರವೇಕೆ, ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಬಹುದು. ಮಳೆಗಾಲ ಬಿಟ್ಟು ಸ್ಕೂಬಾ ನಡೆಯುತ್ತದೆ. ಮಲ್ಪೆಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳೂ ಇವೆ.

ಲಕ್ಷದ್ವೀಪಕ್ಕಾದರೆ ಭಾರತೀಯರಿಗೂ ಅನುಮತಿ ಪತ್ರ ಬೇಕು, ಅಂಡಮಾನಿನ ಈ ಊರುಗಳಿಗೆ ಬೇಡ. ಒಂದು ಸಂಗತಿ ಹಲವರಿಗೆ ತಿಳಿದಿಲ್ಲ: ಲಕ್ಷದ್ವೀಪದ ಉತ್ತರದ ಅಮೀನದೀವಿ ದ್ವೀಪಗಳು 1956ರವರೆಗೆ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ನಮ್ಮ ಬೆಳಗಾವಿ, ಬಿಜಾಪುರ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದವು. ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಒಂದೇ ಬಾಗಿಲಿನಲ್ಲಿ ನಾವು ಒಳಗೆ, ಅವರು ಹೊರಗೆ.

ಗುಮ್ಮಟದ ನೆರಳು · ಜನವರಿ 14

ಇಷ್ಟು ಬರುತ್ತದೆಂದು ಎಣಿಸಿರಲಿಲ್ಲ. ಏಜೆಂಟರಿಗೆ ಫೋನ್ ಮಾಡಿ ಬಾರಾಟಾಂಗ್ ತೆಗೆಸಿದೆ. 'ಎಲ್ಲರೂ ಹೋಗುತ್ತಾರೆ ಮೇಡಂ' ಎಂದರು. ದುಡ್ಡು ಮಾತ್ರ ಕಡಿಮೆ ಮಾಡಲಿಲ್ಲ. ಕೊನೆಗೆ ಅವರನ್ನೇ ಬಿಟ್ಟು ನಾನೇ ಟಿಕೆಟ್ ಮಾಡಿಕೊಳ್ಳುತ್ತಿದ್ದೇನೆ. ಉಳಿದದ್ದು ಊಟದ ಚಿಂತೆ. ಅವ್ವ ಮೀನಿನ ವಾಸನೆಗೆ ಮೂಗು ಮುಚ್ಚುವವಳು.

ಬಾದಾಮಿ ಬಂಡೆ · ಜನವರಿ 14

ಪೋರ್ಟ್ ಬ್ಲೇರಿನಲ್ಲಿ ತಮಿಳರ ಇಡ್ಲಿ ದೋಸೆ ಹೋಟೆಲುಗಳು ಸಾಕಷ್ಟಿವೆ. ದ್ವೀಪಗಳಲ್ಲಿ ಬಂಗಾಳಿ ಊಟ: ಅನ್ನ, ಬೇಳೆ, ಬದನೆಕಾಯಿ ಬಜ್ಜಿ, ಸೊಪ್ಪು. ಮೀನು ಬೇಡವೆಂದು ಮೊದಲೇ ಹೇಳಬೇಕು, ಏಕೆಂದರೆ ಕೆಲವರ ಲೆಕ್ಕದಲ್ಲಿ ಮೀನು ಕೂಡ ಪಲ್ಯವೇ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ನಗದು ಇಟ್ಟುಕೊಳ್ಳಿ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ, ಆದರೂ ಅದನ್ನೇ ನಂಬಿ ಕೂರಬೇಡಿ. ಕೆಲವು ದಡಗಳಲ್ಲಿ ಮೊಸಳೆಯ ಎಚ್ಚರಿಕೆ ಫಲಕವಿದೆ, ಉಪ್ಪುನೀರಿನ ದೊಡ್ಡ ಮೊಸಳೆಗಳು, ಫಲಕ ನೋಡಿದರೆ ನೀರಿಗೆ ಇಳಿಯಬೇಡಿ. ಕೊನೆಯದಾಗಿ, ದಡದಲ್ಲಿ ಬಿದ್ದ ಹವಳದ ಚೂರನ್ನೂ ತರಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ಹುಲಿಯಷ್ಟೇ ರಕ್ಷಣೆ.

ಗುಮ್ಮಟದ ನೆರಳು · ಮಾರ್ಚ್ 1

ಹೋಗಿ ಬಂದೆವು. ಸಲಹೆ ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು ನನ್ನ ಕೆಲಸ, ಬ್ಯಾಂಕಿನವಳಲ್ಲವೇ.

ಗೋಲಗುಂಬಜ್ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ. ಮೊದಲ ದಿನ ಜೈಲು. ಏಳು ಬಾಹುಗಳ ಕಟ್ಟಡದಲ್ಲಿ ಈಗ ಉಳಿದಿರುವುದು ಮೂರು. ಒಂದು ಬಾಹುವಿನ ಮುಂಭಾಗಕ್ಕೆ ಇನ್ನೊಂದರ ಬೆನ್ನು ಬರುವಂತೆ ಕಟ್ಟಿದ್ದಾರೆ, ಒಬ್ಬ ಕೈದಿ ಇನ್ನೊಬ್ಬನ ಮುಖ ಕಾಣಬಾರದೆಂದು. ಮಗ ಒಂದು ಕೋಣೆಯ ಒಳಗೆ ನಿಂತು ಎತ್ತರದ ಬೆಳಕಿಂಡಿಗೆ ಜಿಗಿದ, ಕೈ ಎಟುಕಲಿಲ್ಲ. ಅವ್ವ ಮಾತ್ರ ಗಾಣದ ಮುಂದೆ ನಿಂತವಳು ಕದಲಲಿಲ್ಲ. ಕೈದಿಗಳನ್ನು ಗಾಣಕ್ಕೆ ಕಟ್ಟಿ ದಿನಕ್ಕೆ 30 ಪೌಂಡ್ ಎಣ್ಣೆ ತೆಗೆಸುತ್ತಿದ್ದರಂತೆ, ಎಂದರೆ ಹದಿಮೂರು ಕಿಲೋ ಮೀರಿ. ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಕುಸುಬಿ ಎಣ್ಣೆಯ ಗಾಣವಿತ್ತು. 'ನಮ್ಮ ಎತ್ತಿಗೂ ಮಧ್ಯಾಹ್ನ ಬಿಡುತ್ತಿದ್ದರು' ಎಂದಳು. ಆ ರಾತ್ರಿ ಹೆಚ್ಚು ಮಾತಾಡಲಿಲ್ಲ.

ಸುಬೇದಾರ ಕಾಕಾ, ನಿಮ್ಮ ಬಜಾರು ಹಿಂದಿಯ ಮಾತು ನೂರಕ್ಕೆ ನೂರು ನಿಜ. ನಾನು ಶಾಲೆಯಲ್ಲಿ ಕಲಿತ ಹಿಂದಿಗೆ ಜನ ಗೌರವದಿಂದ ತಲೆಯಾಡಿಸಿದರು. ಅವ್ವನ ಹಿಂದಿಯೆಂದರೆ ನಮ್ಮ ಓಣಿಯ ದಖನಿ. ಬಳೆಯ ಅಂಗಡಿ, ಪಕ್ಕದ ಮನೆಯ ಖಾಲಾ, ಹಾಲಿನವರ ಜೊತೆ ನಲವತ್ತು ವರ್ಷ ಆಡಿ ಕಲಿತದ್ದು. ಅದರಲ್ಲಿ ಲಿಂಗವೂ ಇಲ್ಲ, ವಚನವೂ ಇಲ್ಲ. ಅಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಾರೆ! ಎರಡನೆಯ ದಿನದಿಂದ ಆಟೊದವರ ಜೊತೆ ಚೌಕಾಸಿ, ದಾರಿ ಕೇಳುವುದು ಎಲ್ಲ ಅವಳದೇ.

ಹ್ಯಾವ್‌ಲಾಕ್‌ನಲ್ಲಿ ಬಂಗಾಳಿ ಕುಟುಂಬವೊಂದರ ಮನೆ ಸಿಕ್ಕಿತು. ತಗಡಿನ ಸೂರು, ಅಡಿಕೆ ತೋಟದ ನಡುವೆ ಎರಡು ಕೋಣೆ. ಮಗ ಸ್ಕೂಬಾ ಮಾಡಿದ. ನೀರಿಗೆ ಇಳಿಯುವಾಗ ಅವನ ಮುಖ ಬಿಳಿಚಿತ್ತು, ಎದ್ದು ಬಂದವನು ಸಂಜೆಯವರೆಗೂ ಬೆರಳಿನ ಸಂಜ್ಞೆಯಲ್ಲೇ ಮಾತಾಡಿದ. ನಾನು ಎಲಿಫೆಂಟ್ ಬೀಚಿನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಮುಖ ಮಾತ್ರ ಮುಳುಗಿಸಿದೆ. ಎರಡು ಸಲ ಉಪ್ಪುನೀರು ಕುಡಿದೆ, ಮೂರನೆಯ ಸಲ ಹವಳದ ಮೇಲೆ ಹಾಯುತ್ತಿದ್ದ ನೀಲಿ ಹಳದಿ ಮೀನಿನ ಹಿಂಡು ಕಂಡು ಕೆಮ್ಮುವುದನ್ನೂ ಮರೆತೆ. ಸಂಜೆ ದಡದ ಸೊಳ್ಳೆಯಂಥ ಹುಳ ಕಚ್ಚಿ ಕಾಲು ತುಂಬ ಗಂಧೆ. ಅದನ್ನು ಯಾರೂ ಹೇಳಿರಲಿಲ್ಲ, ಈಗ ನಾನು ಹೇಳುತ್ತಿದ್ದೇನೆ: ತೆಂಗಿನೆಣ್ಣೆ ಹಚ್ಚಿಕೊಳ್ಳಿ.

ಶಿವರಾತ್ರಿಯ ದಿನ ಅವ್ವನ ಉಪವಾಸ. ಮನೆಯವರ ಸೊಸೆಯದೂ ಉಪವಾಸ ಎಂದು ತಿಳಿದು ಇಬ್ಬರಿಗೂ ಸಲುಗೆ ಬೆಳೆಯಿತು. ಅವರು ಊರ ಗುಡಿಗೆ ಹೋಗಿ ಲಿಂಗಕ್ಕೆ ಹಾಲು ನೀರು ಎರೆದು ಬಂದರು. ಅವ್ವ ಜಗಲಿಯಲ್ಲಿ ಕುಳಿತು ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಳು. ಮನೆಯ ಹೆಂಗಸರು ಸದ್ದಿಲ್ಲದೆ ಬಂದು ಸುತ್ತ ನಿಂತರು. ಅಂಗೈಯೇ ಗುಡಿಯಾದದ್ದನ್ನು ಅವರು ನೋಡಿರಲಿಲ್ಲ. ಮುಗಿದ ಮೇಲೆ ಅತ್ತೆ ಕೇಳಿದರಂತೆ, ದೇವರನ್ನು ಜೊತೆಯಲ್ಲೇ ಹಡಗಿನಲ್ಲಿ ಕರೆತಂದಿರಾ ಎಂದು. ಅವರ ಮಾವ ಬಂಗಾಳದಿಂದ ಬರುವಾಗ ಏನೇನು ತಂದಿದ್ದರು, ಏನೇನು ಬಿಟ್ಟು ಬಂದಿದ್ದರು ಎಂಬ ಕಥೆ ಅಲ್ಲಿಂದ ಶುರುವಾಯಿತು. ಒಂದು ಹಿತ್ತಾಳೆ ಕೊಳಗ, ಒಂದು ಚೀಲ ಭತ್ತದ ಬೀಜ. ಕೊಳಗವನ್ನು ಒಳಗಿನಿಂದ ತಂದು ತೋರಿಸಿದರು, ತಳಕ್ಕೆ ಎರಡು ಕಡೆ ಬೆಸುಗೆ ಹಾಕಿತ್ತು.

ಅದೇ ರಾತ್ರಿ ನಾನೂ ಮಗನೂ ದೋಣಿಗೆ ಹೋದೆವು. ದೀಪ ಆರಿಸಿ ಎಂದರು. ಕಾಂಡ್ಲಾ ಬೇರುಗಳ ನಡುವೆ ಕತ್ತಲೆಂದರೆ ಕಂಬಳಿ ಹೊದ್ದಷ್ಟು ಕತ್ತಲೆ. ಹುಟ್ಟು ಅದ್ದಿದ ಕಡೆಯೆಲ್ಲ ನೀರು ಹಸಿರು ನೀಲಿಯಾಗಿ ಚೆಲ್ಲಿತು. ಕೈ ಇಳಿಬಿಟ್ಟೆ. ಬೆರಳಿನ ಸಂದಿಯಿಂದ ಸುರುಸುರು ಬತ್ತಿಯ ಕಿಡಿ, ಆದರೆ ತಣ್ಣಗೆ. ಕೈ ಮೇಲೆತ್ತಿದರೆ ಮೊಣಕೈವರೆಗೆ ಎರಡು ಚುಕ್ಕಿ ಉಳಿದು, ನೋಡುತ್ತಿರುವಾಗಲೇ ಆರಿದವು. ಮಗ ಪಿಸುಗುಟ್ಟಿದ, 'ಅಜ್ಜಿ ಬರಬೇಕಿತ್ತು.' ಮರಳಿ ಬಂದಾಗ ಅಜ್ಜಿ ಜಾಗರಣೆಯ ಹಾಡು ಹೇಳುತ್ತಿದ್ದಳು, ನಾಲ್ಕು ಬಂಗಾಳಿ ಹೆಂಗಸರು ತಾಳ ಹಾಕುತ್ತಿದ್ದರು. ಬರದಿದ್ದದ್ದೇ ಒಳ್ಳೆಯದಾಯಿತು.

ಬೆಳಿಗ್ಗೆ ಪಾರಣೆಗೆ ಅವ್ವ ಕಡಕ್ ರೊಟ್ಟಿಯ ಕಟ್ಟು ಬಿಚ್ಚಿ ಅವರಿಗೂ ಕೊಟ್ಟಳು. ಸೊಸೆ ತಿರುಗಿಸಿ ಮುರುಗಿಸಿ ನೋಡಿ, ಎಣ್ಣೆ ಕಾಯಲು ಇಟ್ಟಳು. ಹಪ್ಪಳ ಎಂದುಕೊಂಡಿದ್ದಳು! ಅವ್ವ ಓಡಿಹೋಗಿ ಒಲೆ ಆರಿಸಿ, ಶೇಂಗಾ ಹಿಂಡಿ ಮೊಸರು ಕಲಸಿ ತಿನ್ನುವುದನ್ನು ತೋರಿಸಿದಳು.

ಬಾರಾಟಾಂಗ್ ಬಿಟ್ಟ ದಿನವನ್ನು ನೀಲ್‌ನಲ್ಲಿ ಕಳೆದೆವು. ಅಮಾವಾಸ್ಯೆಯಾದ್ದರಿಂದ ಇಳಿತವೂ ಜೋರು. ಲಕ್ಷ್ಮಣಪುರದ ಕಲ್ಲಿನ ಸೇತುವೆಯವರೆಗೆ ನೀರು ಹಿಂದೆ ಸರಿದು, ಬಂಡೆಯ ಗುಂಡಿಗಳಲ್ಲಿ ಸಣ್ಣ ಸಣ್ಣ ಸಮುದ್ರಗಳೇ ಉಳಿದಿದ್ದವು. ಊರ ಹುಡುಗನೊಬ್ಬ ಏಡಿ, ಸಮುದ್ರ ಸೌತೆ, ಚಿಪ್ಪು ಮುಚ್ಚಿಕೊಳ್ಳುವ ದೊಡ್ಡ ಮೃದ್ವಂಗಿ ತೋರಿಸಿದ. ಮುಟ್ಟಲು ಬಿಡಲಿಲ್ಲ, ಕಾಲಿಡುವ ಜಾಗವನ್ನೂ ಅವನೇ ಹೇಳಿದ. ಅವ್ವ ಅಷ್ಟು ಹೊತ್ತಿಗೆ ಸಂತೆಯಲ್ಲಿದ್ದಳು. ಆ ದ್ವೀಪದ ತರಕಾರಿ ಪೋರ್ಟ್ ಬ್ಲೇರಿಗೂ ಹೋಗುತ್ತದೆ. ಬದನೆ ಮಾರುವವನ ಹೊಲಕ್ಕೇ ಹೋಗಿ ಬಂದಳಂತೆ.

ಬಾದಾಮಿ ತಮ್ಮ, ನಿಮ್ಮ ಹವಳದ ಎಚ್ಚರಿಕೆಯನ್ನು ಮಗನಿಗೆ ಹತ್ತು ಸಲ ಹೇಳಿದ್ದೆ. ವಿಮಾನ ನಿಲ್ದಾಣದಲ್ಲಿ ಯಂತ್ರ ಕೂಗಿದ್ದು ಅವ್ವನ ಎಲೆ ಅಡಿಕೆ ಸಂಚಿಗೆ. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಹವಳದ ಚೂರು. ದೇವರ ಜಗಲಿಯ ಮೇಲೆ ಇಡಲು ತಂದಿದ್ದಳು. ಅಧಿಕಾರಿ ಗದರಲಿಲ್ಲ, 'ಅಮ್ಮಾ, ಇದರಲ್ಲಿ ಹಾಕಿ' ಎಂದು ಪಕ್ಕದ ಪೆಟ್ಟಿಗೆ ತೋರಿಸಿದರು. ಪೆಟ್ಟಿಗೆ ಅರ್ಧ ತುಂಬಿತ್ತು. ಅವ್ವ ಹಾಕಿದಳು, ಆಮೇಲೆ ಬೆಂಗಳೂರು ಬರುವವರೆಗೂ ನನ್ನ ಕಡೆ ನೋಡಲಿಲ್ಲ.

ನೇರ ಮಾತು · ಮಾರ್ಚ್ 1

ಗುಹೆ ನೋಡದೆ ಬಂದಿರಿ. ಆದರೂ ಓದಿ ಖುಷಿಯಾಯಿತು, ಅಕ್ಕ. ಆ ಮನೆಯ ಕೋಣೆಗೆ ದಿನಕ್ಕೆ ಎಷ್ಟು ತೆಗೆದುಕೊಂಡರು?

ಗುಮ್ಮಟದ ನೆರಳು · ಮಾರ್ಚ್ 1

ಹೋಟೆಲಿನ ಅರ್ಧಕ್ಕಿಂತ ಕಡಿಮೆ. ಶಿವರಾತ್ರಿಯ ದಿನದ್ದು ತೆಗೆದುಕೊಳ್ಳಲೇ ಇಲ್ಲ, ಅದಕ್ಕೆ ಉಳಿದ ರೊಟ್ಟಿಯೆಲ್ಲ ಅಲ್ಲೇ ಬಿಟ್ಟು ಬಂದೆವು.

ಗೊಬ್ಬರದ ಅಂಗಡಿ · ಮಾರ್ಚ್ 1

ತಂಗಿ, ಆ ನೀಲ್ ದ್ವೀಪದ ಬದನೆ ಮುಳ್ಳಿನದೋ, ಮುಳ್ಳಿಲ್ಲದ್ದೋ? ನೀರು ಹೇಗೆ ಹಾಯಿಸುತ್ತಾರಂತೆ? ಅವ್ವನವರನ್ನು ಕೇಳಿ ಹೇಳಿ.

ಗುಮ್ಮಟದ ನೆರಳು · ಮಾರ್ಚ್ 1

ನಾಳೆ ಕೇಳುತ್ತೇನೆ, ಅಣ್ಣ. ಈಗ ರಾತ್ರಿ ಏಳೂವರೆ, ಅವ್ವ ಆಗಲೇ ಮಲಗಿದ್ದಾಳೆ. ಊರಿಗೆ ಬಂದು ವಾರವಾದರೂ ಐದೂವರೆಗೆ ದೀಪ ಹಚ್ಚುವುದನ್ನು ಬಿಟ್ಟಿಲ್ಲ. ಹೊರಗೆ ಇನ್ನೂ ಬಿಸಿಲಿರುತ್ತದೆ.